ಓಫ್ತೋಬ್ ಬೀಬಿ ಉಣ್ಣದ ಮದುವೆ ಊಟ

ಫ್ರುಂಜೆ
ಫೆಬ್ರವರಿ 11, 1979

ಅಮ್ಮನಿಗೆ ಮಗ ನುಸ್ರತ್ ಮಾಡುವ ಸಲಾಂ.

ಈ ಸಲದ್ದು ಹಬ್ಬದ ಕಾಗದ ಅಲ್ಲ, ಸುದ್ದಿ ಇರೋ ಕಾಗದ. ನಿನ್ನ ಮೊಮ್ಮಗಳು ಸಾಯ್ರಾಗೆ ಗಂಡು ಗೊತ್ತಾಯಿತು. ಹುಡುಗ ಟೋಕ್ಮೋಕ್ ಕಡೆಯವನು, ಅವಳ ಜೊತೆಗೇ ಮೇಷ್ಟ್ರ ಓದು ಓದಿದವನು. ಬಾಯಿ ತೆರೆದರೆ ಕುದುರೆ ಬಿಟ್ಟು ಬೇರೆ ಮಾತಿಲ್ಲ. ನಿನ್ನ ಸೊಸೆ ಬುರುಲ್ ಕಾಲು ನೆಲದ ಮೇಲಿಲ್ಲ, ತನ್ನ ಕಿರ್ಗಿಜ್ ಜನದೊಳಗೇ ಅಳಿಯ ಸಿಕ್ಕಿದ ಅಂತ. ಮದುವೆ ಅಕ್ಟೋಬರ್ ಕೊನೆಗೆ ಇಟ್ಟುಕೊಂಡಿದ್ದೀವಿ. ಸೆಕೆ ಇಳಿದಿರುತ್ತೆ, ನಿನಗೆ ಪ್ರಯಾಣ ಕಷ್ಟ ಆಗಲ್ಲ.

ನೀನು ಬರಬೇಕು. ಬರ್ತೀನಿ ನೋಡೋಣ ಅಂತೆಲ್ಲ ಬರೆಯಬೇಡ. ನಾನು ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯಿತು, ಒಂದು ಸಲವೂ ನನ್ನ ಮನೆ ಹೊಸಿಲು ತುಳಿದಿಲ್ಲ ನೀನು. ನಾನು ಮರ್ಗಿಲಾನಿಗೆ ಬಂದಾಗ ಮಗೂನ ಮುದ್ದಾಡ್ತೀಯ, ನನ್ನ ತಲೆ ಸವರ್ತೀಯ, ಬುರುಲ್ ಹೆಸರು ಎತ್ತಿದ ಕೂಡಲೇ ಚಹಾ ಬಗ್ಗಿಸೋಕೆ ಎದ್ದು ಹೋಗ್ತೀಯ.

ಬುರುಲ್ ಹಳ್ಳೀಲಿ ನಮ್ಮ ಮದುವೆಯಾದ ಆ ದಿನ ನಾನು ಮರೆತಿಲ್ಲ ಅಮ್ಮ. ಬುರುಲ್ ತಾಯಿ ತಟ್ಟೆ ಹಿಡಿದು ನಿನ್ನ ಮುಂದೆ ಮಂಡಿಯೂರಿ ಕೂತರು. ಕುರಿಬಾಲದ ಕೊಬ್ಬು, ಲಿವರ್, ಮೇಲೆ ಹುಳಿ ಮೊಸರು. ಬೀಗಿತ್ತಿ ಬಾಯಿಗೆ ಬೀಗಿತ್ತಿ ಕೈಯಾರೆ ಅದನ್ನು ತಿನ್ನಿಸಿದರೇನೇ ಅವರಲ್ಲಿ ಸಂಬಂಧ ಕೂಡಿದ ಹಾಗೆ. ಇಡೀ ಹಳ್ಳಿ ನೋಡ್ತಾ ಇತ್ತು. ನೀನು ತುಟಿ ಬಿಗಿಹಿಡಿದು "ಹೊಟ್ಟೆ ಸರಿಯಿಲ್ಲ" ಅಂದೆ. ಬುರುಲ್‌ಳ ಅಜ್ಜ ಎದ್ದು ಕುದುರೆ ಹತ್ತಿ ಹೊರಟೇ ಹೋದ. ಇವತ್ತಿಗೂ ನನ್ನ ಅತ್ತೆ ಸಿಟ್ಟು ಬಂದರೆ ಸಾಕು, "ನಿಮ್ಮದು ಅರ್ಧ ಮದುವೆ ಕಣಪ್ಪ" ಅಂತ ಹಂಗಿಸ್ತಾರೆ. ನಾನು ತಲೆ ತಗ್ಗಿಸಿ ಕೇಳಿಸಿಕೊಳ್ತೀನಿ.

ಕಿರ್ಗಿಜರ ಹುಡುಗಿ ನಿನಗೆ ಹಿಡಿಸಲಿಲ್ಲ, ಸರಿ. ಮೊಮ್ಮಗಳು ನಿನ್ನವಳೇ ಅಲ್ಲವಾ? ಅವಳ ಮದುವೆ ಊಟಕ್ಕಾದರೂ ಬಾ.

ನಿನ್ನ ಮಗ
ನುಸ್ರತ್


ಮರ್ಗಿಲಾನ್
ಮಾರ್ಚ್ 6, 1979

ನನ್ನ ಕಣ್ಣ ಬೆಳಕು ನುಸ್ರತನಿಗೆ,

ಸುದ್ದಿ ಓದಿ ಕುಣಿಯೋದೊಂದು ಬಾಕಿ. ನಿನ್ನಕ್ಕ ಮುನವ್ವರ್ ಬೀದಿಗೆಲ್ಲ ಮಿಠಾಯಿ ಹಂಚಿದಳು. ಸಾಯ್ರಾಗೆ ಹತ್ತಿಯ ರಜಾಯಿ ಹೊಲಿಯೋಕೆ ಶುರು ಮಾಡಿದ್ದೀನಿ. ಮೇಲಿನ ಬಟ್ಟೆಗೆ ನಿಮ್ಮಪ್ಪ ಬಣ್ಣ ಹಾಕಿದ ರೇಷ್ಮೆ ಪೆಟ್ಟಿಗೇಲಿ ಇನ್ನೂ ಇದೆ. ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಪೋಣಿಸೋಕೆ ಆಗಲ್ಲ, ದಾರಿಲಿ ಹೋಗೋರನ್ನೆಲ್ಲ ಕರೆದು ಪೋಣಿಸಿಕೊಡಿ ಅಂತೀನಿ. ಈ ಅಕ್ಷರಾನೂ ಅಂದಾಜಿಗೆ ಬರೀತಿರೋದು. ನಗಬೇಡ.

ಬರೋದು ಕಷ್ಟ ಮಗಾ. ವಯಸ್ಸಾಯಿತು. ನನ್ನ ಹೊಟ್ಟೆ ಸಂಗತಿ ನಿನಗೆ ಗೊತ್ತೇ ಇದೆ. ಕುದುರೆ ಮಾಂಸ ಬೇಯಿಸೋ ಊರಿಗೆ ನನ್ನಂಥ ಮುದುಕಿನ ಕರೆಸಿ ಯಾಕೆ ಎಲ್ಲರ ಮುಂದೆ ಮಾನ ಕಳೀತೀಯ?

ಬುರುಲ್ ಬಗ್ಗೆ ನೀನು ಬರೆದದ್ದು ನಿಜ ಅಲ್ಲ. ಹಿಡಿಸಲಿಲ್ಲ ಅಂತ ನಾನು ಯಾವತ್ತು ಅಂದೆ? ಹೆಚ್ಚು ಕೇಳಬೇಡ.

ರಜಾಯಿ ಯಾರಾದರೂ ಬರೋರ ಕೈಲಿ ಕಳಿಸ್ತೀನಿ.

ನಿನಗೆ ಒಳ್ಳೇದಾಗಲಿ ಅಂತ ಬೇಡೋ
ನಿನ್ನಮ್ಮ


ಫ್ರುಂಜೆ
ಏಪ್ರಿಲ್ 22, 1979

ಅಮ್ಮ,

ಹೆಚ್ಚು ಕೇಳಬೇಡ ಅಂದೆ. ಕೇಳ್ತಾ ಇದ್ದೀನಿ. ಬೈಯೋದಾದರೆ ಬೈದುಬಿಡು.

ಇಲ್ಲಿ ನನ್ನ ತಲೆಗೂದಲು ಕತ್ತರಿಸೋನು ಪಿನ್ಹಾಸ್ ಅಂತ. ಬುಖಾರಾದವನು, ಯಹೂದಿ. ಅಂಗಡೀಲಿ ನಮ್ಮ ಮನೇಲಿ ಆಡೋ ಅದೇ ಬುಖಾರಾ ಮಾತು ಕೇಳಿ ಸ್ನೇಹ ಆಯಿತು. ಹೋದ ಶುಕ್ರವಾರ ಅವನ ಮನೇಲಿ ಕರೆಂಟು ಕೆಟ್ಟಿತ್ತು. ಟ್ರಾಲಿಬಸ್ಸಿಗೆ ಕರೆಂಟು ಹಾಯಿಸೋ ನನಗೆ ಮನೆ ದೀಪ ದೊಡ್ಡದಾ, ಹೋದೆ. ಕೆಲಸ ಮುಗಿಯೋ ಹೊತ್ತಿಗೆ ಸಂಜೆ. ಅವನ ಹೆಂಡತಿ ಜಿಲ್ಪೊ ಬಿಡಲಿಲ್ಲ, ಊಟಕ್ಕೆ ಕೂರಿಸಿದಳು.

ಅಮ್ಮ, ಹೇಗೆ ಹೇಳಲಿ? ಒಳಗೆ ಕಾಲಿಡುವಾಗಲೇ ನಮ್ಮ ಮನೆ ವಾಸನೆ. ಕರಿದ ಮೀನು, ಮೇಲೆ ಬೆಳ್ಳುಳ್ಳಿ ಕೊತ್ತಂಬರಿ ಅರೆದು ಸುರಿದದ್ದು, ಶುಕ್ರವಾರ ಶುಕ್ರವಾರ ನೀನು ಮಾಡ್ತಿದ್ದೆಯಲ್ಲ ಅದೇ. ಮಾರನೇ ದಿನಕ್ಕೆ ಅಂತ ಕೋಳಿಯ ರಕ್ತ ಇಳಿದುಹೋಗಲಿ ಅಂತ ದಪ್ಪ ಉಪ್ಪು ಬಳಿದು, ನೀನು ಮಾಡೋ ಹಾಗೇ ಓರೆ ಹಲಗೆ ಮೇಲೆ ಇಟ್ಟಿದ್ದರಂತೆ, ಆ ಹಲಗೆ ತೊಳೆದು ಒರಗಿಸಿತ್ತು. ಆಮೇಲೆ ಮಾಂಸದ ಸೂಪು ಬಂತು, ಅದಕ್ಕೆ ಹಾಕಿಕೊಳ್ಳೋಕೆ ಮೊಸರು ಕೊಡಿ ಅಂದೆ. ಜಿಲ್ಪೊ ಕೆನ್ನೆ ಕೆಂಪಾಯಿತು. "ತಪ್ಪು ತಿಳೀಬೇಡಪ್ಪ, ನಮ್ಮಲ್ಲಿ ಮಾಂಸದ ಜೊತೆ ಮೊಸರು ಇಲ್ಲ" ಅಂದಳು. ನಾನು ನಕ್ಕು "ನನ್ನ ತಾಯಿನೂ ಹಾಗೇ ಕಣಮ್ಮ, ಬುಖಾರಾದವರ ಹೊಟ್ಟೆಗೆ ಅದು ಒಗ್ಗಲ್ಲ ಅಂತಾರೆ" ಅಂದೆ.

ಜಿಲ್ಪೊ ಗಂಡನ ಮುಖ ನೋಡಿದಳು.

ಪಿನ್ಹಾಸ್ ಮೆಲ್ಲಗೆ ಕೇಳಿದ, "ನಿಮ್ಮ ತಾಯಿ ಮೊಟ್ಟೇಲಿ ರಕ್ತದ ಚುಕ್ಕೆ ಇದ್ದರೆ ಏನು ಮಾಡ್ತಾರೆ?" ಬಿಸಾಕ್ತಾರೆ ಅಂದೆ. "ದೀಪ ಹಚ್ತಾರಾ?" ಹಚ್ತಾರೆ ಅಂದೆ. ಮರ್ಗಿಲಾನಿನಲ್ಲಿ ನೆರೆಹೊರೆಯೋರೆಲ್ಲ ಸತ್ತವರ ಆತ್ಮಕ್ಕೆ ವಾಸನೆ ಮುಟ್ಟಲಿ ಅಂತ ಗುರುವಾರ ಎಣ್ಣೆ ಕಾಯಿಸಿದರೆ ನೀನು ಶುಕ್ರವಾರ ಸಂಜೆ ಗೂಡಿನೊಳಗೆ ದೀಪ ಇಟ್ಟು ಪರದೆ ಎಳೀತಿದ್ದೆ. ಅಕ್ಕಪಕ್ಕದೋರು ಕೇಳಿದರೆ, "ನಮ್ಮ ಸತ್ತವರು ಬುಖಾರಾದಿಂದ ಬರಬೇಕಲ್ಲ, ಒಂದು ದಿನ ತಡ" ಅಂತಿದ್ದೆ. ಎಷ್ಟು ನಗ್ತಿದ್ದೆವು ನಾವು.

ಪಿನ್ಹಾಸ್ ಹೇಳಿದ, ಹಳೇ ಬುಖಾರಾದಲ್ಲಿ ಇಂಥವರ ಒಂದು ಬೀದಿಯೇ ಇತ್ತಂತೆ. ಅಮೀರನ ಕಾಲದಲ್ಲಿ ಕತ್ತಿಗೆ ಹೆದರಿ ಕಲ್ಮಾ ಓದಿ ಮುಸಲ್ಮಾನರಾದ ಯಹೂದಿಗಳು. ಮಸೀದಿಗೂ ಹೋಗಿ, ಮನೆಯೊಳಗೆ ತಮ್ಮದನ್ನೂ ಬಿಡದೆ ಇದ್ದವರು. ಅವರಿಗೆ "ಚಾಲಾ" ಅಂತಿದ್ದರಂತೆ. ಅತ್ತ ಬೆಂದದ್ದೂ ಅಲ್ಲ, ಇತ್ತ ಹಸಿಯೂ ಅಲ್ಲ ಅಂತ ಅರ್ಥ. ಮುಸಲ್ಮಾನರೂ ಯಹೂದಿಗಳೂ ಅವರಿಗೆ ಹೆಣ್ಣು ಕೊಡ್ತಿರಲಿಲ್ಲವಂತೆ.

ಅಮ್ಮ, ನಾವು ಯಾರು?

ಆ ದಿನ ಬುರುಲ್ ತಾಯಿ ತಟ್ಟೆ ಹಿಡಿದಾಗ ನಿನ್ನ ಹೊಟ್ಟೆ ಸರಿಯಿತ್ತು ಅಲ್ಲವಾ?

ನುಸ್ರತ್


ಮರ್ಗಿಲಾನ್
ಮೇ 9, 1979

ನುಸ್ರತ್,

ನಿನ್ನ ಕಾಗದ ಒಲೆಗೆ ಹಾಕಿದೆ. ಇದನ್ನೂ ಓದಿ ಸುಟ್ಟುಬಿಡು. ಅಂಚೆಯಲ್ಲಿ ಇಂಥದ್ದು ಬರೀತಾರೇನೋ, ಬುದ್ಧಿ ಇದೆಯಾ ನಿನಗೆ? ಮುನವ್ವರಳ ಹೆಣ್ಣುಮಕ್ಕಳು ಇದೇ ಬೀದಿಯಲ್ಲಿ ಬಾಳ್ವೆ ಮಾಡಬೇಕು.

ಆ ಕ್ಷೌರಿಕನ ಮನೆಗೆ ಇನ್ನು ಹೋಗಬೇಡ.

ಅಮ್ಮ


ಫ್ರುಂಜೆ
ಜೂನ್ 3, 1979

ಮುನವ್ವರಕ್ಕ,

ಅಮ್ಮನಿಗೆ ಮತ್ತೆ ಎರಡು ಕಾಗದ ಹಾಕಿದೆ, ಜವಾಬಿಲ್ಲ. ಕೊನೆಗೆ ನಿನಗೆ ಬರೀತಿದ್ದೀನಿ. ನಿನಗೆ ಗೊತ್ತಿತ್ತಾ? ಗೊತ್ತಿತ್ತು ಅಂತ ನನ್ನ ಮನಸ್ಸು ಹೇಳ್ತಿದೆ. ಅತ್ತೆ ಮಗನನ್ನೇ ನಿನಗೆ ಕಟ್ಟಿದರಲ್ಲ, ಬೇರೆ ಕಡೆಯಿಂದ ಅಷ್ಟು ಒಳ್ಳೆ ಸಂಬಂಧ ಬಂದರೂ. ಆಗ ನಾನು ಅಮ್ಮನ ಜೊತೆ ಜಗಳ ಆಡಿದ್ದೆ, ಪಾಪ ಅಕ್ಕನ್ನ ಆ ಗೊಗ್ಗಯ್ಯನಿಗೆ ಯಾಕೆ ಕೊಡ್ತೀಯ ಅಂತ. ಭಾವ ಕೇಳಿಸಿಕೊಂಡರೆ ಕ್ಷಮಿಸಲಿ.

ನನಗೆ ನಲವತ್ತೇಳು ವರ್ಷ. ಇಪ್ಪತ್ತೆರಡು ವರ್ಷದಿಂದ ಹೆಂಡತಿ ಮುಂದೆ ನನ್ನ ತಾಯಿ ಪರವಾಗಿ ಸುಳ್ಳು ಹೇಳ್ತಾ ಬಂದಿದ್ದೀನಿ. ಅದು ಸುಳ್ಳು ಅಂತಲೂ ನನಗೆ ಗೊತ್ತಿರಲಿಲ್ಲ ಅಂದರೆ ಎಂಥಾ ದಡ್ಡ ನಾನು. ಮನೆಮಂದಿಯೆಲ್ಲ ಸೇರಿ ಒಬ್ಬನನ್ನೇ ಹೊರಗಿಟ್ಟಿರಲ್ಲ ಅಕ್ಕ, ಇದು ನ್ಯಾಯವಾ?

ಬುರುಲ್‌ಗೆ ಎಲ್ಲ ಹೇಳಿದೆ. ಹಿಟ್ಟು ಕಲಸ್ತಾ ಇದ್ದವಳು ಹಾಗೇ ಕಲಸ್ತಾನೇ ಇದ್ದಳು.

ನುಸ್ರತ್


ಮರ್ಗಿಲಾನ್
ಜೂನ್ 20, 1979

ತಮ್ಮಾ,

ಹೌದು, ಗೊತ್ತಿತ್ತು. ಒಲೆ ನನ್ನ ಕೈಗೆ ಬಂದ ವರ್ಷವೇ ಅಮ್ಮ ಹೇಳಿದರು. ಅಡುಗೆ ಮಾಡೋಳಿಗೆ ಹೇಳದೆ ಆಗುತ್ತೇನೋ? ಗಂಡುಮಕ್ಕಳಿಗೆ ಹೇಳೋದು ತಂದೆ ಕೆಲಸ, ಹದಿಮೂರು ತುಂಬಿದ ಮೇಲೆ. ಅಷ್ಟರೊಳಗೆ ಅಪ್ಪ ಯುದ್ಧಕ್ಕೆ ಹೋದರು, ವಾಪಸ್ ಬರಲೇ ಇಲ್ಲ. ಸುಖ ಪಡೋ ಗುಟ್ಟೇನಲ್ಲ ಇದು. ನಿನ್ನನ್ನ ಹೊರಗಿಟ್ಟದ್ದಲ್ಲ, ನಿನಗೊಬ್ಬನಿಗೆ ಈ ಹೊರೆ ತಪ್ಪಿತು ಅಂದುಕೊಂಡಿದ್ದೆ ನಾನು.

ಗೊಗ್ಗಯ್ಯ ಅಂದದ್ದು ನಿನ್ನ ಭಾವನಿಗೆ ಓದಿ ಹೇಳಿದೆ. ಹೊಟ್ಟೆ ಹಿಡಿದು ನಕ್ಕರು.

ಅಮ್ಮ ನಿನ್ನ ಕಾಗದ ಬಂದಾಗಿನಿಂದ ಸರಿಯಾಗಿ ಮಾತಾಡ್ತಿಲ್ಲ. ಅಂಗಳದಲ್ಲಿ ಹಿಪ್ಪುನೇರಳೆ ಮರದ ಕೆಳಗೆ ಕೂತು ರಜಾಯಿ ಹೊಲೀತಾರೆ, ಬಿಚ್ತಾರೆ. ನಿನ್ನೆ ಇದ್ದಕ್ಕಿದ್ದ ಹಾಗೆ, "ಅವನ ಅಪ್ಪ ಇದ್ದಿದ್ದರೆ ಹೇಗೆ ಹೇಳ್ತಿದ್ದರೋ" ಅಂದರು. ಅಂಚೆಯಲ್ಲಿ ಬೇಡ, ಇಲ್ಲಿಂದ ಲಾರೀಲಿ ಹಣ್ಣು ತರೋ ನಮ್ಮ ಪೈಕಿ ಹುಸೇನ್ ಬರ್ತಾನೆ. ಅವನ ಕೈಲಿ ಅಮ್ಮನ ಕಾಗದ ಬರುತ್ತೆ. ಸ್ವಲ್ಪ ಕಾಯಿ. ಅವರನ್ನ ಒತ್ತಾಯ ಮಾಡಬೇಡ.

ನಿನ್ನಕ್ಕ
ಮುನವ್ವರ್


ಮರ್ಗಿಲಾನ್
ಜುಲೈ 15, 1979

ಮಗಾ,

ಈ ಕಾಗದ ನಾನು ಹೇಳಿ ಮುನವ್ವರ್ ಬರೀತಿಲ್ಲ. ನಾನೇ ಬರೀತಿದ್ದೀನಿ, ಅದಕ್ಕೇ ಇಷ್ಟು ದಿನ ಆಯಿತು.

ನೀನು ಕೇಳಿದೆ, ನಾವು ಯಾರು ಅಂತ. ನನ್ನ ಮುತ್ತಜ್ಜ ಬುಖಾರಾದಲ್ಲಿ ರೇಷ್ಮೆಗೆ ನೀಲಿ ಹಾಕೋನು. ಯಾರೋ ಏನೋ ಚಾಡಿ ಹೇಳಿದರಂತೆ, ಹಿಡಿದುಕೊಂಡು ಹೋದರು. ತಲೆ ಬೇಕೋ ಕಲ್ಮಾ ಬೇಕೋ ಅಂದರು. ಮನೇಲಿ ಪುಟ್ಟ ಪುಟ್ಟ ಮಕ್ಕಳಿದ್ದವು, ಕಲ್ಮಾ ಓದಿದ. ಅವನ ತಾಯಿ ಅವನನ್ನ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಸತ್ತವರಿಗೆ ಅಳೋ ಹಾಗೆ ನೆಲದ ಮೇಲೆ ಕೂತು ಅತ್ತಳಂತೆ, ಮಗ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡನಂತೆ. ನಮ್ಮ ಮನೇಲಿ ಹೆಂಗಸರು ಇದನ್ನ ಮಾತ್ರ ಒಬ್ಬರಿಗೊಬ್ಬರು ಹೇಳ್ತಾ ಬಂದರು. ನಾನೂ ನಿಮ್ಮಪ್ಪನೂ ಮದುವೆಯಾಗಿ ಮರ್ಗಿಲಾನಿಗೆ ಬಂದದ್ದು ಯಾರೂ ಗುರುತಿಲ್ಲದ ಕಡೆ ಬದುಕೋಣ ಅಂತ. ಇಲ್ಲಿ "ಬುಖಾರಾದವರು" ಅಂದರು, ಅಷ್ಟೇ. ಒಳ್ಳೆ ಜನ. ನಿಮ್ಮಪ್ಪ ಸತ್ತ ಸುದ್ದಿ ಬಂದಾಗ ಇಡೀ ಬೀದಿ ನಮ್ಮ ಮನೇಲಿ ಕೂತಿತ್ತು. ಅವರು ತಂದ ಅನ್ನಾನೂ ನಾನು ಮುಟ್ಟಲಿಲ್ಲ. ದುಃಖಕ್ಕೆ ತಿನ್ನುತ್ತಿಲ್ಲ ಪಾಪ ಅಂದುಕೊಂಡರು.

ನಿನಗೆ ಹದಿಮೂರು ತುಂಬಿತು. ಹೇಳೋಕೆ ಹೋದೆ, ನೀನು ಕೊರಳಿಗೆ ಪಾರ್ಟಿಯ ಕೆಂಪು ಕರವಸ್ತ್ರ ಕಟ್ಟಿಕೊಂಡು ಶಾಲೆಯಿಂದ ಬಂದು ಪಾರ್ಟಿ ಹಾಡು ಹೇಳ್ತಿದ್ದೆ. ಮುಂದಿನ ವರ್ಷ, ಮುಂದಿನ ವರ್ಷ ಅಂದುಕೊಂಡೆ. ಆಮೇಲೆ ಆ ಚಳಿಗಾಲ ಬಂತು, ಯಹೂದಿ ಡಾಕ್ಟರುಗಳು ವಿಷ ಹಾಕ್ತಾರೆ ಅಂತ ಪೇಪರಿನಲ್ಲಿ ಬಂದದ್ದು. ನೀನು ಆಗ ಸೈನ್ಯದಲ್ಲಿದ್ದೆ. ಸಾಯೋವರೆಗೂ ಹೇಳಲ್ಲ ಅಂತ ಆವತ್ತು ತೀರ್ಮಾನ ಮಾಡಿದೆ.

ನೀನು ದೊಡ್ಡದೊಂದು ಮತ ಬಚ್ಚಿಟ್ಟುಕೊಂಡಿದ್ದಾಳೆ ಅಮ್ಮ ಅಂದುಕೊಂಡಿರಬೇಕು. ಏನೂ ಇಲ್ಲ ಕಣೋ. ನನಗೆ ಅವರ ಒಂದು ಪ್ರಾರ್ಥನೆ ಬರಲ್ಲ. ಒಂದು ಅಕ್ಷರ ಗೊತ್ತಿಲ್ಲ. ದೀಪ ಹಚ್ಚಿ ಸುಮ್ಮನೆ ನಿಲ್ತೀನಿ, ಏನು ಹೇಳಬೇಕೋ ನನ್ನ ಅಮ್ಮನಿಗೂ ಗೊತ್ತಿರಲಿಲ್ಲ. ನಮಾಜು ಮಾತ್ರ ಚೆನ್ನಾಗಿ ಬರುತ್ತೆ, ಅದನ್ನೂ ಸುಳ್ಳು ಮನಸ್ಸಿಂದ ಮಾಡಿಲ್ಲ. ನನ್ನ ಕೈಲಿ ಉಳಿದದ್ದು ಇಷ್ಟೇ: ಇದು ತಿನ್ನಬಾರದು, ಅದು ಮುಟ್ಟಬಾರದು, ಇದರ ಜೊತೆ ಅದು ಬೆರೆಸಬಾರದು. ಅದನ್ನೂ ಬಿಟ್ಟುಬಿಟ್ಟರೆ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡ ಆ ಮುತ್ತಜ್ಜನ ಕಡೆಯವರು ಯಾರೂ ಇರಲೇ ಇಲ್ಲ ಅಂದ ಹಾಗಾಗುತ್ತೆ.

ಬುರುಲ್ ತಾಯಿ ತಟ್ಟೆ ಹಿಡಿದಾಗ ನಾನು ಯೋಚನೆ ಮಾಡಲಿಲ್ಲ. ತುಟಿ ತಾನೇ ಮುಚ್ಚಿಕೊಂಡಿತು. ಆಮೇಲೆ ಆ ಹುಡುಗಿ ನನ್ನ ಕಡೆ ನೋಡಿದಳು. ಅವಳ ನೋಟ ನೆನಪಾದಾಗಲೆಲ್ಲ ನನಗೆ ಸಾಕಾಗಿಹೋಗುತ್ತೆ.

ನನ್ನ ಮೇಲೆ ಸಿಟ್ಟು ಮಾಡಿಕೋ, ಮಾಡಿಕೊಳ್ಳಬೇಡ ಅನ್ನಲ್ಲ. ಆದರೆ ಬರೋದು ನಿಲ್ಲಿಸಬೇಡ.

ನಿನ್ನ ಹೆತ್ತವಳು


ಫ್ರುಂಜೆ
ಆಗಸ್ಟ್ 19, 1979

ಅತ್ತೆಯವರಿಗೆ ನಿಮ್ಮ ಸೊಸೆ ಬುರುಲ್ ಬೇಡುವ ಆಶೀರ್ವಾದ.

ನಾನು ನಿಮಗೆ ಬರೀತಿರೋ ಮೊದಲನೇ ಕಾಗದ ಇದು. ತಪ್ಪು ಒಪ್ಪು ಹೊಟ್ಟೆಗೆ ಹಾಕಿಕೊಳ್ಳಿ. ಬರೆಯೋಕೆ ನಿಮ್ಮ ಮಗನಿಗೆ ಹೇಳಿದರೆ "ನಿಮ್ಮಿಬ್ಬರ ಮಧ್ಯೆ ನಾನು ಬರಲ್ಲ" ಅಂದರು. ಇಪ್ಪತ್ತೆರಡು ವರ್ಷದಿಂದ ಮಧ್ಯದಲ್ಲೇ ಕೂತಿದ್ದವರು!

ಅತ್ತೆ, ನೇರವಾಗಿ ಹೇಳ್ತೀನಿ. ನಾನು ಕೊಳಕಿ, ಬೆಟ್ಟದ ಕುರುಬರ ಮಗಳು, ನನ್ನ ಕೈಯಿಂದ ತಿನ್ನೋಕೆ ನಿಮಗೆ ಅಸಹ್ಯ ಅಂತಲೇ ತಿಳಿದಿದ್ದೆ. ಮದುವೆಯಾದ ಹೊಸತರಲ್ಲಿ ದಿನಕ್ಕೆ ನಾಲ್ಕು ಸಲ ಸೋಪು ಹಾಕಿ ಕೈ ತಿಕ್ಕುತ್ತಿದ್ದೆ. ಚರ್ಮ ಒಡೆದು ಹೋಗ್ತಿತ್ತು. ನಿಮ್ಮ ಕಾಗದ ನಿಮ್ಮ ಮಗ ಓದಿ ಹೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಒಂದು ಮಾತು ನನ್ನ ಕಿವೀಲಿ ಉಸುರಿದ್ದರೆ ನಾನೇನು ಡಂಗುರ ಸಾರ್ತಿದ್ದೆನಾ? ಕಿರ್ಗಿಜರು ಅತಿಥಿ ಗುಟ್ಟು ಮಾರಿಕೊಳ್ಳಲ್ಲ ಅತ್ತೆ. ಎರಡು ದಿನ ಪಾತ್ರೆ ಕುಕ್ಕಿದೆ. ಮೂರನೇ ದಿನ ಅಳು ಬಂತು, ಅತ್ತುಬಿಟ್ಟೆ. ಸರಿಹೋಯಿತು.

ಈಗ ಕೇಳಿ. ಹೊಸ ಕಡಾಯಿ ತಂದಿದ್ದೀನಿ, ಎರಕದ್ದು, ಅದರಲ್ಲಿ ಇನ್ನೂ ನೀರು ಸಹ ಕಾಯಿಸಿಲ್ಲ. ಜಿಲ್ಪೊ ಮನೆಗೆ ನಾನೇ ಹೋಗಿ ಕೂತು ಕಲಿತೆ. ಮಾಂಸ ಎಷ್ಟು ಹೊತ್ತು ನೀರಲ್ಲಿಡಬೇಕು, ಎಷ್ಟು ಹೊತ್ತು ಉಪ್ಪಲ್ಲಿಡಬೇಕು, ಯಾವ ಚಾಕು, ಯಾವ ಬಟ್ಟೆ. ಅವಳು ನನ್ನನ್ನ ಎರಡು ಸಲ ಬೈದಳು, ನಿಮ್ಮ ಹಾಗೇ ಮೂತಿ ಸೊಟ್ಟ ಮಾಡ್ತಾಳೆ ಅಂತ ನಿಮ್ಮ ಮಗ ಹೇಳ್ತಾರೆ. ಅವರ ಪ್ರಾರ್ಥನೆ ಮನೆಯ ಮುದುಕರೊಬ್ಬರು ಕೋಳಿ, ಕುರಿ ಅವರ ಕ್ರಮದಲ್ಲಿ ಕೊಯ್ದು ಕೊಡ್ತಾರೆ. ಮದುವೆ ದಿನ ನಿಮಗೆ ಒಳಗಿನ ಕೋಣೆಯಲ್ಲಿ ಬೇರೆ ಒಲೆ. ಬೇರೆಯವರು ಕೇಳಿದರೆ ಬುಖಾರಾದವರ ಹೊಟ್ಟೆ ಸೂಕ್ಷ್ಮ ಅಂತೀನಿ. ಸುಳ್ಳು ಹೇಳೋದು ನನಗೂ ಬರುತ್ತೆ.

ಬನ್ನಿ ಅತ್ತೆ. ಒಂದೇ ಒಂದು ಸಲ ನನ್ನ ಮನೇಲಿ ಊಟ ಮಾಡಿ ಹೋಗಿ. ನನಗೆ ಬೇರೇನೂ ಬೇಡ.

ನಿಮ್ಮ ಸೊಸೆ
ಬುರುಲ್


ಮರ್ಗಿಲಾನ್
ಸೆಪ್ಟೆಂಬರ್ 10, 1979

ನನ್ನ ಸೊಸೆ ಬುರುಲ್‌ಗೆ,

ನಿನ್ನ ಕಾಗದ ಮುನವ್ವರ್ ಮೂರು ಸಲ ಓದಿದಳು. ನಾಲ್ಕನೇ ಸಲ ಓದು ಅಂದರೆ ಒಲೆ ಮೇಲಿನ ಹಾಲು ಉಕ್ಕುತ್ತೆ ಅಂತ ಎದ್ದು ಹೋದಳು.

ಬರ್ತೀನಿ. ಅಕ್ಟೋಬರ್ ಇಪ್ಪತ್ತಕ್ಕೆ ಅಳಿಯ ಕರಕೊಂಡು ಬರ್ತಾನೆ.

ನಿಮ್ಮ ತಾಯಿಗೆ ಹೇಳು, ಆ ತಟ್ಟೆ ಇನ್ನೊಂದು ಸಲ ಹಿಡೀಬೇಕು. ಆ ಮುದುಕರು ಕೊಯ್ದ ಕುರೀದಾದರೆ ಕೊಬ್ಬೂ ತಿನ್ನುತ್ತೀನಿ, ಲಿವರೂ ತಿನ್ನುತ್ತೀನಿ, ಅವರ ಕೈಯಿಂದಲೇ. ಮೊಸರು ಮಾತ್ರ ಬೇಡ. ನಿಮ್ಮದು ಅರ್ಧ ಮದುವೆ ಅಂತಾರಂತಲ್ಲ, ಉಳಿದರ್ಧ ಮಗಳ ಮದುವೆ ದಿನ ಮುಗಿಸೋಣ. ಜನ ನಗಲಿ.

ಲಿವರಿಗೆ ಉಪ್ಪು ಹಾಕಿದರೆ ಸಾಲದು, ಕೆಂಡದ ಮೇಲೆ ಸುಡಬೇಕು. ಆ ಜಿಲ್ಪೊ ಹೇಳಿದಳೋ ಇಲ್ಲವೋ.

ಕೈಗೆ ಬಾದಾಮಿ ಎಣ್ಣೆ ಹಚ್ಚಿಕೋ ಮಗಳೇ.

ನಿನ್ನ ಅತ್ತೆ
ಓಫ್ತೋಬ್


ಮರ್ಗಿಲಾನ್
ಅಕ್ಟೋಬರ್ 12, 1979

ತಮ್ಮಾ,

ತಂತಿ ಕೊಟ್ಟಿದ್ದೀನಿ, ವಿವರ ಇಲ್ಲಿದೆ. ಮೊನ್ನೆ ಬೆಳಿಗ್ಗೆ ಅಮ್ಮ ಪ್ರಯಾಣಕ್ಕೆ ಅಂತ ಬಟ್ಟೆ ಮಡಿಸ್ತಾ ಇದ್ದವರು ಹಾಗೇ ಕುಸಿದರು. ಬಲಭಾಗ ಹೋಗಿದೆ. ಮಾತು ಬರುತ್ತೆ, ಆದರೆ ಮನಸ್ಸು ಎಲ್ಲೆಲ್ಲೋ ಓಡುತ್ತೆ. ಈ ವರ್ಷದ್ದು ಏನೂ ನೆನಪಿಲ್ಲ. ನಿನ್ನ ಕಾಗದಗಳೂ ಇಲ್ಲ, ಬುರುಲ್ ಕಾಗದಾನೂ ಇಲ್ಲ. ನೀನು ಸೈನ್ಯದಿಂದ ಯಾವಾಗ ಬರ್ತೀಯ ಅಂತ ಕೇಳ್ತಾರೆ. ಕಣ್ಣು ಪೂರ್ತಿ ಮಂಜಾಗಿದೆ. ಆಸ್ಪತ್ರೆಯೋರು ಮನೆಗೇ ಕರಕೊಂಡು ಹೋಗಿ ಅಂದರು.

ನೀನು ಏಣಿಯಿಂದ ಬಿದ್ದು ಕಾಲು ಮುರಕೊಂಡ ಸುದ್ದಿಯೂ ಈಗಲೇ ಬರಬೇಕಾ? ಪ್ಲಾಸ್ಟರ್ ಹಾಕಿಕೊಂಡು ಹೊರಡೋ ಹುಚ್ಚು ಮಾಡಬೇಡ. ಬುರುಲ್ ಬರೋದಾದರೆ ಬೇಗ ಬರಲಿ.

ಅಕ್ಕ


ಮರ್ಗಿಲಾನ್
ಅಕ್ಟೋಬರ್ 21, 1979

ಸಾಯ್ರಾಳ ಅಪ್ಪನಿಗೆ,

ತಂತಿ ಸಿಕ್ಕಿರುತ್ತೆ. ನಿಮಗೆ ಬರೋಕಾಗದ ಸಂಕಟ ನನಗೆ ಗೊತ್ತು. ಮದುವೆ ವಸಂತಕ್ಕೆ ಮುಂದೆ ಹಾಕಿದ್ದು ಒಳ್ಳೇದಾಯಿತು. ಬೀಗರು ಏನಾದರೂ ಅಂದರೆ ನಾನು ಬಂದು ನೋಡಿಕೊಳ್ತೀನಿ.

ನಿನ್ನೆ ಮಧ್ಯಾಹ್ನ ಎಲ್ಲ ಮುಗಿಯಿತು. ಇಲ್ಲಿನ ಖಬರಸ್ಥಾನದಲ್ಲೇ ಮಣ್ಣು ಮಾಡಿದರು. ನೆರೆಯೋರು ನಾನು ನೀನು ಅಂತ ಹೆಗಲು ಕೊಟ್ಟರು, ಮುಲ್ಲಾ ಓದಿದ. ಮೈ ತೊಳೆಯೋ ಹೆಂಗಸರು ಬರೋ ಮೊದಲು ಮುನವ್ವರಕ್ಕ ಬಾಗಿಲು ಹಾಕಿಕೊಂಡು, ತನ್ನ ಅಂಗಿ ಒಳಗಿನ ಮಡಿಕೇನ ಹರಿದುಕೊಂಡಳು, ಹೊರಗೆ ಕಾಣದ ಹಾಗೆ. ಸತ್ತವರಿಗಾಗಿ ಬಟ್ಟೆ ಹರಿಯೋದು ನಿಮ್ಮ ಹೆಂಗಸರ ಹಳೇ ಕ್ರಮವಂತೆ. ನನ್ನ ಕಡೆ ನೋಡಿದಳು. ನಾನೂ ಹರಿದುಕೊಂಡೆ. ತಪ್ಪೋ ಸರಿಯೋ ಗೊತ್ತಿಲ್ಲ.

ನೀವು ಮೊದಲು ಕೇಳೋದು ಒಂದೇ ಅಂತ ಗೊತ್ತು, ಅಮ್ಮ ನಿನ್ನ ಕೈಯಿಂದ ಉಂಡರಾ ಅಂತ. ಹೇಳ್ತೀನಿ.

ವಿಮಾನದಲ್ಲಿ ಕಡಾಯಿ ಮಡಿಲಲ್ಲೇ ಇಟ್ಟುಕೊಂಡು ಬಂದೆ. ಆ ಮುದುಕರು ಕೊಯ್ದು, ಜಿಲ್ಪೊ ಉಪ್ಪು ಹಾಕಿ ತೊಳೆದು ಗಂಟು ಕಟ್ಟಿಕೊಟ್ಟ ಕೋಳಿಗಳೂ ಜೊತೆಗಿದ್ದವು. ಬಂದ ದಿನವೇ ಸೂಪು ಮಾಡಿದೆ. ಹತ್ತಿರ ಕೂತು "ಅತ್ತೆ, ನಾನು ಬುರುಲ್, ನಿಮ್ಮ ಸೊಸೆ, ನುಸ್ರತನ ಹೆಂಡತಿ" ಅಂದೆ. ಚಮಚ ತುಟಿ ಹತ್ತಿರ ತಂದೆ. ತುಟಿ ಬಿಗಿಯಿತು ಕಣ್ರೀ. ಮದುವೆ ದಿನದ ಹಾಗೇ. "ಹೊಟ್ಟೆ ಸರಿಯಿಲ್ಲಮ್ಮ" ಅಂದರು. "ಅತ್ತೆ, ಹೊಸ ಕಡಾಯಿ, ನಿಮ್ಮ ಕ್ರಮದ್ದೇ ಕೋಳಿ, ನೀವೇ ಬರ್ತೀನಿ ಅಂದಿದ್ದಿರಲ್ಲ" ಅಂದೆ. ಗಾಬರಿಯಾಗಿಬಿಟ್ಟರು. "ಯಾವ ಕ್ರಮ? ನಮ್ಮದು ಯಾವ ಕ್ರಮಾನೂ ಇಲ್ಲ, ನಾವು ಮುಸಲ್ಮಾನರು, ಬೇಕಾದರೆ ಬೀದಿಲಿ ಕೇಳು" ಅಂತ ಬಟ್ಟಲು ದೂರ ತಳ್ಳಿದರು. ಅಷ್ಟು ಹೆದರಿಸಿದೆನಲ್ಲ ಅಂತ ನನಗೆ ಜೀವ ಹೋದ ಹಾಗಾಯಿತು. ಸೂಪನ್ನ ಅಂಗಳಕ್ಕೆ ತಂದು ಇಟ್ಟು ಅತ್ತುಬಿಟ್ಟೆ. ಮುನವ್ವರಕ್ಕ ಬೆನ್ನು ಸವರಿದಳು. ಅವಳು ಕೊಟ್ಟದ್ದನ್ನೂ ಆವತ್ತು ಅತ್ತೆ ಮುಟ್ಟಲಿಲ್ಲ, ಅನುಮಾನ ಹೊಕ್ಕುಬಿಟ್ಟಿತ್ತು.

ಮಾರನೇ ದಿನ ಹಾಸಿಗೆ ಬದಲಾಯಿಸ್ತಾ ಇದ್ದೆ. ನಾನು ನಿಮ್ಮ ಬುಖಾರಾ ಮಾತಲ್ಲೇ ಏನೋ ಗೊಣಗಿಕೊಳ್ತಿದ್ದೆ ಅಂತ ಕಾಣುತ್ತೆ. ನಿಮ್ಮ ಜೊತೆ ಜಗಳ ಆಡೀ ಆಡೀ ಕಲಿತದ್ದಲ್ಲವಾ, ಚೆನ್ನಾಗೇ ಬರುತ್ತೆ. ಅತ್ತೆ ಕಿವಿ ನಿಮಿರಿತು. "ಯಾರಮ್ಮ ನೀನು, ಬುಖಾರಾದವಳಾ?" ಅಂದರು.

ಅಲ್ಲ ಅನ್ನಬೇಕಿತ್ತು. ಹೌದು ಅಂದೆ.

"ಯಾರ ಮನೆ?" ಅಂದರು, ತುಂಬಾ ಮೆಲ್ಲಗೆ. ನಾನು ಅವರ ಕಿವಿ ಹತ್ತಿರ ಬಗ್ಗಿ, "ನೀಲಿ ಹಾಕೋರ ಮನೆ. ಬಾಗಿಲ ಹೊರಗೆ ನಿಂತವರ ಪೈಕಿ" ಅಂದೆ. ಅವರ ಮುಖ ನೀವು ನೋಡಬೇಕಿತ್ತು. ನನ್ನ ಕೈ ಹುಡುಕಿ ಹಿಡಕೊಂಡರು. "ಇನ್ನೂ ಇದ್ದೀರಾ ನೀವೆಲ್ಲ?" ಅಂದರು. ಇದ್ದೀವಿ ಅಂದೆ. "ಹಸಿವಾಗ್ತಿದೆ ಮಗಳೇ, ಮನೇಲಿ ಯಾರೋ ಪರಕೀಯಳು ಬಂದು ಅಡುಗೆ ಮಾಡ್ತಿದ್ದಾಳೆ, ಆದರೆ ಬಾಯಿ ಬಿಟ್ಟು ಹೇಳೋ ಹಾಗಿಲ್ಲ" ಅಂದರು.

ಸೂಪು ಬಿಸಿ ಮಾಡಿ ತಂದೆ. ಬಟ್ಟಲು ಪೂರ್ತಿ ಕುಡಿದರು. ಕೋಳಿ ಬಿಡಿಸಿ ಬಿಡಿಸಿ ಬಾಯಿಗಿಟ್ಟೆ, ಮಗು ಹಾಗೆ ತಿಂದರು. ಅದಾದ ಮೇಲೆ ನಾಲ್ಕು ದಿನ ನನ್ನ ಕೈಯಿಂದ ಬಿಟ್ಟರೆ ಬೇರೆ ಯಾರ ಕೈಯಿಂದಲೂ ತಿನ್ನಲಿಲ್ಲ. ಮುನವ್ವರಕ್ಕ ಬಾಗಿಲಲ್ಲಿ ನಿಂತು ನೋಡ್ತಿದ್ದಳು, ಒಳಗೆ ಬರ್ತಿರಲಿಲ್ಲ.

ಹೀಗೆ ಆಯಿತು. ನನ್ನ ಹೆಸರಿಗೆ ಅವರ ಬಾಯಿ ತೆರೆಯಲಿಲ್ಲ, ಸುಳ್ಳಿಗೆ ತೆರೆಯಿತು. ಅವರು ಇಷ್ಟು ವರ್ಷ ಹೇಗೆ ಬದುಕಿದರೋ ನನಗೆ ನಾಲ್ಕೇ ದಿನಕ್ಕೆ ಗೊತ್ತಾಯಿತು. ಒಂದೊಂದು ತುತ್ತಿಗೂ ಎಲ್ಲಿ ಸಿಕ್ಕಿಬೀಳ್ತೀನೋ ಅಂತ ಮಾತು ಅಳೆದು ಆಡ್ತಿದ್ದೆ.

ಕೊನೇ ದಿನ ಊಟ ಆದ ಮೇಲೆ ನನ್ನ ಕೆನ್ನೆ ಸವರಿ, "ನೀನು ಊರೂರು ತಿರುಗೋಳು ಅಲ್ಲವಾ? ಫ್ರುಂಜೆ ಕಡೆ ಹೋಗ್ತೀಯಾ?" ಅಂದರು. ಹೋಗ್ತೀನಿ ಅಂದೆ.

"ಅಲ್ಲಿ ನನಗೊಬ್ಬಳು ಸೊಸೆ ಇದ್ದಾಳೆ. ಕಿರ್ಗಿಜರ ಹುಡುಗಿ, ಬುರುಲ್ ಅಂತ. ನಮ್ಮ ಸಂಗತಿ ಅವಳ ಹತ್ತಿರ ಬಾಯಿ ಬಿಡಬೇಡ, ಅವಳು ನಮ್ಮವಳಲ್ಲ" ಅಂದರು. ರಜಾಯಿಯನ್ನ ಗದ್ದದವರೆಗೆ ಎಳಕೊಂಡರು. ನಿದ್ದೆ ಬಂತೇನೋ ಅಂದುಕೊಂಡೆ.

"ಅವಳ ಮದುವೆಗೆ ಎರಡು ದಿನ ಪ್ರಯಾಣ ಮಾಡಿ ಹೋಗಿದ್ದೆ ಕಣೆ. ದಾರೀಲಿ ಏನೂ ತಿಂದಿರಲಿಲ್ಲ. ಅವಳಿಗೆ ಹೇಳು, ಆ ಹೊತ್ತು ನನಗೆ ತುಂಬಾ ಹಸಿವಾಗಿತ್ತು ಅಂತ."

ಹೇಳ್ತೀನಿ ಅತ್ತೆ ಅಂತ ಬಾಯಿಗೆ ಬಂತು. ತಡೆದುಕೊಂಡು, ಹೇಳ್ತೀನಮ್ಮ ಅಂದೆ.

ಬುರುಲ್